ಯಾವ ಪಾರ್ಕಿಗೆ ಮೊದಲು ದುಡ್ಡು?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಬಸ್ಸಲ್ಲೋ ಮೆಟ್ರೋದಲ್ಲೋ ಕೂತು ಇದನ್ನ ಕೇಳ್ತಿದ್ದೀರಾ ಅಂದ್ರೆ ನಿಮಗೊಂದು ಸಣ್ಣ ಪ್ರಶ್ನೆ. ನಿಮ್ಮ ಮನೆಗೆ ಅತಿ ಹತ್ತಿರದ ಪಾರ್ಕ್ ಯಾವುದು? ಲಾಲ್‌ಬಾಗ್, ಕಬ್ಬನ್ ಪಾರ್ಕ್ ಬೇಡ. ಮನೇಲಿ ಹಾಕ್ಕೊಳ್ಳೋ ಚಪ್ಪಲೀಲೇ ಹೋಗಿ ಬರಬಹುದಲ್ಲ, ಅಂಥದ್ದು. ಮಧ್ಯಾಹ್ನ 2 ಗಂಟೆಗೆ ಅದರ ಗೇಟು ತೆಗೆದಿರುತ್ತಾ, ಬೀಗ ಹಾಕಿರುತ್ತಾ?

ಗೊತ್ತಿಲ್ಲ ಅಂದ್ರೆ ಬೇಜಾರಾಗಬೇಡಿ. ನನಗೂ ಎರಡು ವರ್ಷದ ಹಿಂದಿನ ತನಕ ಗೊತ್ತಿರಲಿಲ್ಲ. ನಾನು ಡೇಟಾ ಕೆಲಸ ಮಾಡೋಳು, ಪಾರ್ಕಿನ ಬಗ್ಗೆ ಏನೂ ಓದ್ಕೊಂಡವಳಲ್ಲ. ಒಂದು ಶನಿವಾರ ನಮ್ಮ ವಾರ್ಡ್ ಸಭೆಗೆ ಹೋಗಿದ್ದೆ. ಹೋಗಿದ್ದು ಬೀದಿದೀಪದ ವಿಷಯಕ್ಕೆ. ಸಭೆ ಮುಗಿಯೋ ಹೊತ್ತಿಗೆ ಅಲ್ಲಿನ ಎಂಜಿನಿಯರ್ ಒಬ್ಬರು ಫೈಲ್ ಮುಚ್ಚುತ್ತಾ ಹೇಳಿದ್ರು: "ಇನ್ನೊಂದು ವಿಷಯ. ಈ ಕಡೆ ಏಳು ಪಾರ್ಕ್ ಇದೆ. ದುಡ್ಡು ಬರೋದು ಎರಡಕ್ಕೆ. ಯಾವ ಎರಡು ಅಂತ ನೀವೇ ಹೇಳಿಬಿಡಿ, ಆಮೇಲೆ ನನ್ನ ಬೈಬೇಡಿ."

ಅಲ್ಲಿ ಇದ್ದಿದ್ದು ಸುಮಾರು ಹದಿನೈದು ಜನ. ಎಲ್ಲರೂ ಒಂದೇ ಸಲ ಮಾತಾಡಿದ್ರು. ಒಬ್ಬೊಬ್ಬರೂ ಹೇಳಿದ್ದು ಅವರವರ ಮನೆ ಮುಂದಿನ ಪಾರ್ಕ್. ನಾನೂ ಹೇಳಿದೆ. ನಮ್ಮ ಪಾರ್ಕಿನ ವಾಕಿಂಗ್ ಟ್ರ್ಯಾಕ್ ಟೈಲ್ಸ್ ಎದ್ದಿದೆ, ಓಪನ್ ಜಿಮ್‌ನಲ್ಲಿ ಎರಡು ಮಷೀನ್ ಕೆಟ್ಟಿದೆ, ಮೊದಲು ಅದೇ ಆಗ್ಬೇಕು ಅಂತ ಜೋರಾಗೇ ಹೇಳಿದೆ. ಆಮೇಲೆ ಗಮನಕ್ಕೆ ಬಂತು, ಏಳು ಪಾರ್ಕ್ ಅಂದ್ರಲ್ಲ, ಅಲ್ಲಿ ಹೆಸರು ಕೇಳಿಬಂದಿದ್ದು ಬರೀ ನಾಲ್ಕರದ್ದು. ಉಳಿದ ಮೂರರ ಕಡೆಯವರು ಒಬ್ಬರೂ ಸಭೆಗೆ ಬಂದಿರಲಿಲ್ಲ. ಶನಿವಾರ ಬೆಳಗ್ಗೆ 11 ಗಂಟೆ. ಅವರೆಲ್ಲ ಕೆಲಸದಲ್ಲಿದ್ರು.

ಎಂಜಿನಿಯರ್ ನಗ್ತಾ, "ನೀವು ಕಂಪ್ಯೂಟರ್‌ನೋರಲ್ವಾ ಮೇಡಂ, ಒಂದು ಲಿಸ್ಟ್ ಮಾಡ್ಕೊಡಿ, ಇದು ಮೊದಲು, ಇದು ಆಮೇಲೆ ಅಂತ" ಅಂದ್ರು. ತಮಾಷೆಗೆ ಹೇಳಿದ್ದೋ ಏನೋ. ನಾವು ನಾಲ್ಕು ಜನ ಅದನ್ನ ಸೀರಿಯಸ್ಸಾಗಿ ತಗೊಂಡ್ವಿ.

ಎರಡು ಭಾನುವಾರ ಏಳೂ ಪಾರ್ಕಿಗೆ ಹೋಗಿ ಬಂದ್ವಿ. ನಾಲ್ಕು ಪಾರ್ಕ್ ಬಗ್ಗೆ ಹೆಚ್ಚು ಹೇಳೋದಿಲ್ಲ, ನೀವು ನೋಡಿರೋ ಥರದ್ದೇ. ಕಮಾನು, ಕಮಾನಿನ ಮೇಲೆ ಹೆಸರುಗಳು, ಒಳಗೆ ನೀರಿಲ್ಲದ ಒಂದು ಕಾರಂಜಿ, ಸಿಮೆಂಟಿನ ಜಿಂಕೆ. ಆರನೇದು ರಾಜಕಾಲುವೆ ಪಕ್ಕ ಉದ್ದಕ್ಕೆ ಪಟ್ಟಿ ಥರ ಇರೋ ಜಾಗ, ವಾಸನೆಗೆ ಯಾರೂ ಕೂರಲ್ಲ. ಏಳನೇದರಲ್ಲಿ ಅರ್ಧ ಜಾಗಕ್ಕೆ ಜಲ್ಲಿ, ಪೈಪು ತಂದು ಸುರಿದಿದ್ರು.

ಐದನೇದಕ್ಕೆ ಬರ್ತೀನಿ. ಅದು ಕಾಲುವೆ ಆಚೆ, ಗಾರ್ಮೆಂಟ್ ಕೆಲಸಕ್ಕೆ ಹೋಗೋರು, ಆಟೋ ಓಡಿಸೋರು, ಡೆಲಿವರಿ ಹುಡುಗರು ಬಾಡಿಗೆಗೆ ಇರೋ ಕಡೆ. ಮೂರಂತಸ್ತಿನ ಮನೆಗಳು ಒಂದಕ್ಕೊಂದು ಅಂಟ್ಕೊಂಡಿವೆ. ಅದರ ಮಧ್ಯೆ ಈ ಪಾರ್ಕ್. ನಾಲ್ಕು ಹೊಂಗೆ ಮರ, ಒಂದು ತುಕ್ಕು ಹಿಡಿದ ಜಾರುಬಂಡೆ, ಮೂಲೇಲಿ ಟ್ರಾನ್ಸ್‌ಫಾರ್ಮರ್. ಹುಲ್ಲಿಲ್ಲ, ಕೆಂಪು ಮಣ್ಣು. ಗೇಟಿಗೆ ಬೀಗ. ಆದರೆ ಒಳಗೆ ಇಪ್ಪತ್ತು ಮಕ್ಕಳು ಆಡ್ತಿದ್ದಾರೆ! ನಾವು ಗೇಟಿನ ಹತ್ರ ನಿಂತು ಹೆಂಗಪ್ಪಾ ಒಳಗೆ ಹೋಗೋದು ಅಂತ ನೋಡ್ತಿದ್ರೆ ಏಳೆಂಟು ವರ್ಷದ ಒಂದು ಹುಡುಗಿ ಓಡಿ ಬಂದ್ಲು. "ಅಕ್ಕಾ, ಬೀಗ ಹಾಕಿದ್ರೆ ಏನೂ ಆಗಲ್ಲ. ಆ ಕಡೆ ಕಂಬಿ ಬಗ್ಗಿದೆ, ತಲೆ ಮೊದಲು ಹಾಕ್ಬೇಕು" ಅಂದ್ಲು. ಅಷ್ಟು ವಿವರವಾಗಿ ಗೂಗಲ್ ಮ್ಯಾಪ್ ಕೂಡ ದಾರಿ ಹೇಳಲ್ಲ. ನನ್ನ ತಲೆ ಹೋಯ್ತು, ಉಳಿದದ್ದು ಹೋಗಲಿಲ್ಲ. ಹೊರಗೇ ನಿಂತು ಫೋಟೋ ತಗೊಂಡೆ.

ಸ್ವಲ್ಪ ಹೊತ್ತಿಗೆ ಮಾಲಿ ಸೈಕಲ್‌ನಲ್ಲಿ ಬಂದ್ರು. ಗುತ್ತಿಗೆ ಮೇಲಿರೋರು, ವಯಸ್ಸಾದವರು. ಸೊಂಟದಲ್ಲಿ ಮೂರು ಪಾರ್ಕಿನ ಬೀಗದ ಕೈ. "ಯಾಕಣ್ಣಾ ಮಧ್ಯಾಹ್ನ ಬೀಗ ಹಾಕ್ತೀರಾ, ಇಡೀ ದಿನ ತೆಗೆದಿರಬೇಕು ಅಂತ ಆದೇಶ ಆಗಿದೆಯಲ್ಲ?" ಅಂತ ಕೇಳಿದೆ. 2024ರಲ್ಲಿ ಬೆಂಗಳೂರಿನ ಪಾಲಿಕೆ ಪಾರ್ಕ್‌ಗಳು ಬೆಳಗ್ಗೆ 5ರಿಂದ ರಾತ್ರಿ 10ರ ತನಕ ತೆರೆದಿರಬೇಕು ಅಂತ ಮಾಡಿದ್ರು, ನೆನಪಿರಬಹುದು. ಅದಕ್ಕೂ ಮುಂಚೆ ಬೆಳಗ್ಗೆ ಸ್ವಲ್ಪ ಹೊತ್ತು, ಸಂಜೆ ಸ್ವಲ್ಪ ಹೊತ್ತು, ಮಧ್ಯದಲ್ಲಿ ಬೀಗ. ಮಾಲಿ ಹೇಳಿದ್ದು ಇಷ್ಟು: "ಆದೇಶ ಕಾಗದದಲ್ಲಿದೆ ತಾಯಿ. ನಾನೊಬ್ಬ, ಪಾರ್ಕ್ ಮೂರು. ನಾನು ಆ ಕಡೆ ಇದ್ದಾಗ ಇಲ್ಲಿ ಮಗು ಟ್ರಾನ್ಸ್‌ಫಾರ್ಮರ್ ಮುಟ್ಟಿದ್ರೆ ಕೆಲಸ ಹೋಗೋದು ಯಾರದ್ದು?" ನನ್ನ ಹತ್ರ ಉತ್ತರ ಇರಲಿಲ್ಲ. ಕಂಬಿ ಬಗ್ಗಿರೋದು ಅವರಿಗೂ ಗೊತ್ತು. ಸರಿ ಮಾಡಿಸಿರಲಿಲ್ಲ, ಅಷ್ಟೇ.

ಈಗ ಒಂದು ಪ್ರಶ್ನೆ ಬರುತ್ತೆ. ಒಂದೇ ವಾರ್ಡಲ್ಲಿ ಈ ಕಡೆ ನಾಲ್ಕು ಒಳ್ಳೇ ಪಾರ್ಕ್, ಆ ಕಡೆ ಹೀಗೆ ಯಾಕೆ? ಯಾರೋ ಬೇಕಂತ ಮಾಡಿದ್ದಲ್ಲ. ಊರು ಬೆಳೆದ ರೀತೀಲೇ ಇದೆ ಅದು. ಬಿಡಿಎ ಬಡಾವಣೆ ಮಾಡುವಾಗ ಒಟ್ಟು ಜಾಗದಲ್ಲಿ 15% ಪಾರ್ಕಿಗೆ, ಆಟದ ಮೈದಾನಕ್ಕೆ ಬಿಡಬೇಕು ಅಂತ ಅದರ ಕಾಯ್ದೇಲೇ ಇದೆ. ಅದರ ಮೇಲೆ ಇನ್ನೂ 10% ನಾಗರಿಕ ಸೌಲಭ್ಯಕ್ಕೆ, ನಾವು ಸಿಎ ಸೈಟ್ ಅಂತೀವಲ್ಲ, ಅದಕ್ಕೆ. ಎಚ್‌ಎಸ್‌ಆರ್ ಲೇಔಟ್ ಹಾಗಿರೋದಕ್ಕೂ ಹೊಲ ಕತ್ತರಿಸಿ ಸೈಟ್ ಮಾಡಿದ ರೆವಿನ್ಯೂ ಬಡಾವಣೆ ಹೀಗಿರೋದಕ್ಕೂ ದೊಡ್ಡ ಕಾರಣ ಇದು. ಹೊಲ ಮಾರಿದವರು, ಸೈಟ್ ಮಾಡಿದವರು ರಸ್ತೆಗೇ ಸರಿಯಾಗಿ ಜಾಗ ಬಿಟ್ಟಿಲ್ಲ, ಇನ್ನು ಪಾರ್ಕಿಗೆ ಬಿಡ್ತಾರಾ? 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, ಸುತ್ತಲಿನ 110 ಹಳ್ಳಿಗಳನ್ನ ಸೇರಿಸಿ ಬಿಬಿಎಂಪಿ ಮಾಡಿದ್ರು. ಆ ಹಳ್ಳಿಗಳಿಗೆ ನೀರು, ಒಳಚರಂಡಿ ತಗೊಂಡು ಹೋಗೋದೇ ವರ್ಷಗಟ್ಟಲೆ ಕೆಲಸವಾಯ್ತು. ಪಾರ್ಕ್ ಅನ್ನೋದು ಸಾಲಿನ ಕೊನೇಲಿ ನಿಂತ್ಕೊಂಡ್ತು.

ಹಾಗಾಗಿ "ಇರೋ ಪಾರ್ಕಿಗೆಲ್ಲ ಸಮಾನವಾಗಿ ಹಂಚಿ" ಅಂದ್ರೆ ಕೇಳೋಕೆ ನ್ಯಾಯ ಅನ್ನಿಸುತ್ತೆ, ಆದರೆ ಪಾರ್ಕ್ ಹೆಚ್ಚಿರೋ ಕಡೆಗೇ ದುಡ್ಡು ಹೆಚ್ಚು ಹೋಗುತ್ತೆ. ಇಡೀ ನಗರದಲ್ಲಿ ಪಾಲಿಕೆ ಪಾರ್ಕ್‌ಗಳೇ 1,200ಕ್ಕೂ ಹೆಚ್ಚಿವೆ. ಪ್ರತಿ ಪಾರ್ಕಿಗೂ ಇಷ್ಟಿಷ್ಟು ಅಂತ ಕೊಟ್ರೆ, ಒಂದೂ ಪಾರ್ಕ್ ಇಲ್ಲದ ಏರಿಯಾಗೆ ಎಷ್ಟು ಬಂತು? ಸೊನ್ನೆ.

ನಮ್ಮ ಲಿಸ್ಟಿಗೆ ವಾಪಸ್ ಬರ್ತೀನಿ. ಮೊದಲ ಪ್ರಯತ್ನದಲ್ಲಿ ನಾನು ಎರಡು ದಡ್ಡ ಕೆಲಸ ಮಾಡಿದೆ.

ಒಂದು, ದೂರುಗಳನ್ನ ಎಣಿಸಿದ್ದು. ಯಾವ ಪಾರ್ಕಿನ ಬಗ್ಗೆ ಹೆಚ್ಚು ಕಂಪ್ಲೇಂಟ್ ಇದೆಯೋ ಅದೇ ಹೆಚ್ಚು ಹಾಳಾಗಿರಬೇಕು ಅಂದ್ಕೊಂಡೆ. ನೋಡಿದ್ರೆ ನಮ್ಮ ಪಾರ್ಕೇ ಫಸ್ಟ್! ಬಲ್ಬ್ ಹೋದ್ರೆ ಒಂದು ಕಂಪ್ಲೇಂಟ್, ನಾಯಿ ಬಂದ್ರೆ ಒಂದು, ಜೋರಾಗಿ ಯಾರೋ ಹಾಡು ಹಾಕಿದ್ರೆ ಒಂದು. ಕಾಲುವೆ ಆಚೆಯ ಐದನೇ ಪಾರ್ಕಿನ ಬಗ್ಗೆ ಒಂದೂ ಇಲ್ಲ. ಅಲ್ಲಿನ ಅಮ್ಮಂದಿರನ್ನ ಕೇಳಿದೆ. "ಹೇಳಿದ್ರೆ ಯಾರು ಬರ್ತಾರೆ?" ಅಂದ್ರು. ಯಾರೂ ಬರಲ್ಲ ಅಂತ ಗೊತ್ತಿರೋ ಕಡೆ ಜನ ಕಂಪ್ಲೇಂಟ್ ಮಾಡಲ್ಲ. ಅಂದ್ರೆ ನಾನು ಎಣಿಸ್ತಿದ್ದಿದ್ದು ಪಾರ್ಕಿನ ಕಷ್ಟವನ್ನಲ್ಲ, ಜನರ ನಂಬಿಕೆಯನ್ನ.

ಎರಡನೇದು ಇನ್ನೂ ದಡ್ಡತನ. ದಿನಕ್ಕೆ ಎಷ್ಟು ಜನ ಬರ್ತಾರೆ ಅಂತ ಎಣಿಸೋಕೆ ಹೋದೆ. ಜನ ಹೆಚ್ಚು ಬರೋ ಕಡೆ ದುಡ್ಡು ಹಾಕಿದ್ರೆ ಹೆಚ್ಚು ಜನಕ್ಕೆ ಉಪಯೋಗ ಅಲ್ವಾ? ಆದರೆ ಬೀಗ ಹಾಕಿರೋ ಪಾರ್ಕಿಗೆ ಲೆಕ್ಕದ ಪ್ರಕಾರ ಬರೋರ ಸಂಖ್ಯೆ ಸೊನ್ನೆ. ಕಂಬಿ ಸಂದೀಲಿ ನುಗ್ಗೋ ಮಕ್ಕಳು ಯಾವ ರಿಜಿಸ್ಟರ್‌ನಲ್ಲೂ ಇಲ್ಲ. "ಅಲ್ಲಿ ಯಾರೂ ಬರಲ್ಲ, ಅಲ್ಲಿಗ್ಯಾಕೆ ದುಡ್ಡು" ಅನ್ನೋ ಮಾತು ಹುಟ್ಟೋದೇ ಹೀಗೆ. ದುಡ್ಡು ಹಾಕಲ್ಲ, ಅದಕ್ಕೆ ಜನ ಬರಲ್ಲ, ಜನ ಬರಲ್ಲ ಅಂತ ಮತ್ತೆ ದುಡ್ಡು ಹಾಕಲ್ಲ.

ಆಗ ಬೇರೆ ಊರಲ್ಲಿ ಇದನ್ನ ಹೇಗೆ ಮಾಡಿದ್ದಾರೆ ಅಂತ ಹುಡುಕಿದೆ. ಎರಡು ಊರಿನ ಕಥೆ ಕೆಲಸಕ್ಕೆ ಬಂತು.

ಮೊದಲನೇದು ನ್ಯೂಯಾರ್ಕ್. ಸೆಂಟ್ರಲ್ ಪಾರ್ಕ್ ಹೆಸರು ಕೇಳಿರ್ತೀರಿ. ಅದನ್ನ ನೋಡ್ಕೊಳ್ಳೋಕೆ ಖಾಸಗಿ ದೇಣಿಗೆಯಿಂದ ನಡೆಯೋ ಒಂದು ಸಂಸ್ಥೆ ಇದೆ. 2012ರಲ್ಲಿ ಜಾನ್ ಪಾಲ್ಸನ್ ಅನ್ನೋ ಹೆಡ್ಜ್ ಫಂಡ್ ಕುಬೇರ ಒಬ್ಬನೇ ಅದಕ್ಕೆ 10 ಕೋಟಿ ಡಾಲರ್ ಕೊಟ್ಟ. ಅದೇ ಊರಲ್ಲಿ ಬಡವರು ಇರೋ ಕಡೆ ಸಣ್ಣಸಣ್ಣ ಪಾರ್ಕ್‌ಗಳು ಡಾಂಬರು ಕಿತ್ತುಹೋಗಿ ಹಾಗೇ ಬಿದ್ದಿದ್ವು. 2014ರಲ್ಲಿ ಅಲ್ಲಿನ ಪಾಲಿಕೆ ಕಮ್ಯುನಿಟಿ ಪಾರ್ಕ್ಸ್ ಇನಿಷಿಯೇಟಿವ್ ಅಂತ ಒಂದು ಯೋಜನೆ ಶುರು ಮಾಡ್ತು. ಅವರು ಪಾರ್ಕ್ ಆರಿಸೋಕೆ ಕೇಳಿದ ಪ್ರಶ್ನೆ ನೋಡಿ: ಹಿಂದಿನ 20 ವರ್ಷದಲ್ಲಿ ಯಾವ ಪಾರ್ಕಿಗೆ ಎರಡೂವರೆ ಲಕ್ಷ ಡಾಲರ್‌ಗಿಂತ ಕಮ್ಮಿ ಬಂಡವಾಳ ಹಾಕಿದ್ದೀವಿ? ಅದರ ಜೊತೆ ಸುತ್ತಮುತ್ತ ಬಡತನ ಎಷ್ಟು, ಜನ ಎಷ್ಟು ಒತ್ತಾಗಿದ್ದಾರೆ, ಜನಸಂಖ್ಯೆ ಬೆಳೀತಿದೆಯಾ ಅಂತ ನೋಡಿ ಮೊದಲ ಸುತ್ತಿಗೆ 35 ಪಾರ್ಕ್ ತಗೊಂಡ್ರು. "ಯಾವ ಪಾರ್ಕ್ ಚೆನ್ನಾಗಿಲ್ಲ" ಅಂತ ಕೇಳಲಿಲ್ಲ. ಅದಕ್ಕೆ ಎಲ್ಲರೂ ನಮ್ಮದೇ ಅಂತಾರೆ. "ನಾವು ಯಾವುದನ್ನ ಮರೆತಿದ್ದೀವಿ" ಅಂತ ತಮ್ಮದೇ ಲೆಕ್ಕದ ಪುಸ್ತಕವನ್ನ ಕೇಳಿದ್ರು.

ಇನ್ನೊಂದು ಮಿನಿಯಾಪೊಲಿಸ್. ಅಲ್ಲಿ ಪಾರ್ಕುಗಳಿಗೇ ಒಂದು ಚುನಾಯಿತ ಮಂಡಳಿ ಇದೆ. 2016ರಲ್ಲಿ ಅವರು 20 ವರ್ಷದ ಯೋಜನೆ ಮಾಡಿ, ಬಡಾವಣೆ ಪಾರ್ಕ್‌ಗಳಿಗೆ ದುಡ್ಡು ಹಂಚೋ ಕ್ರಮವನ್ನ ನಿಯಮವಾಗಿಯೇ ಬರೆದಿಟ್ರು. ಪ್ರತಿ ಪಾರ್ಕಿಗೂ ಅಂಕ. ಸುತ್ತಲಿನ ಬಡತನ ಮತ್ತು ಜನಾಂಗೀಯ ಅಸಮಾನತೆ, ಜನಸಾಂದ್ರತೆ, ಮಕ್ಕಳ ಸಂಖ್ಯೆ, ಸುರಕ್ಷತೆ ಒಂದು ಕಡೆ. ಪಾರ್ಕಲ್ಲಿ ಇರೋ ವಸ್ತುಗಳ ಸ್ಥಿತಿ, ಅವುಗಳ ಆಯಸ್ಸು ಎಷ್ಟು ಉಳಿದಿದೆ, ಇಲ್ಲಿಯವರೆಗೆ ಅಲ್ಲಿಗೆ ಎಷ್ಟು ಹಾಕಿದ್ದೀವಿ ಅನ್ನೋದು ಇನ್ನೊಂದು ಕಡೆ. ಅಂಕದ ಪಟ್ಟಿಯನ್ನ ಎಲ್ಲರಿಗೂ ಕಾಣೋ ಹಾಗೆ ಹಾಕ್ತಾರೆ. ನಿಮ್ಮ ಪಾರ್ಕ್ ಎಷ್ಟನೇ ಸ್ಥಾನ, ಯಾಕೆ ಅಂತ ನೀವೇ ನೋಡಬಹುದು.

ಅಮೆರಿಕದಲ್ಲಿ ಮಾಡಿದ್ರು, ಅದಕ್ಕೆ ನಾವೂ ಮಾಡ್ಬೇಕು ಅಂತ ಹೇಳ್ತಿಲ್ಲ. ಅಲ್ಲಿ ಹಣ ಬೇರೆ, ಇಲ್ಲಿ ಬೇರೆ. ನನಗೆ ಹಿಡಿಸಿದ್ದು ಒಂದೇ ವಿಷಯ. ಪಾರ್ಕಿನ ಹೆಸರು ಹೇಳೋದಕ್ಕೆ ಮುಂಚೆ ನಿಯಮ ಬರೀತಾರೆ. ನಮ್ಮಲ್ಲಿ ಉಲ್ಟಾ. ಹೆಸರು ಮೊದಲು ಬರುತ್ತೆ, ಕಾರಣ ಆಮೇಲೆ ಹುಡುಕ್ತೀವಿ. ಅದೂ ನಮ್ಮ ಊರಲ್ಲಿ 2020ರ ಸೆಪ್ಟೆಂಬರ್‌ನಿಂದ ಪಾಲಿಕೆಗೆ ಚುನಾಯಿತ ಸದಸ್ಯರೇ ಇರಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆ ಆಯ್ತು. ಕೇಳೋಕೆ ಕಾರ್ಪೊರೇಟರ್ ಇಲ್ಲದ ಕಾಲದಲ್ಲಿ ನಿಯಮವಾದ್ರೂ ಗೋಡೆ ಮೇಲೆ ಇರಬೇಕಲ್ವಾ?

ನಾವು ನಾಲ್ಕು ಜನ ಕೂತು ನಮ್ಮ ನಿಯಮ ಬರೆದ್ವಿ. ಹತ್ತು ನಿಮಿಷ ನಡೆಯೋ ದೂರದಲ್ಲಿ ಬೇರೆ ಪಾರ್ಕ್ ಇದೆಯಾ? ಸುತ್ತ ಎಷ್ಟು ಮಕ್ಕಳಿದ್ದಾರೆ? ಮನೇಲಿ ಅಂಗಳ, ತಾರಸಿ ಇದೆಯಾ, ಇಲ್ಲ ಒಂದೇ ರೂಮಾ? ಕಳೆದ ಹತ್ತು ವರ್ಷದಲ್ಲಿ ಅಲ್ಲಿ ಏನಾದ್ರೂ ಕಾಮಗಾರಿ ಆಗಿದೆಯಾ? ಆ ಜಾಗ ಕೈ ತಪ್ಪಿ ಹೋಗೋ ಅಪಾಯ ಇದೆಯಾ?

ಬರೆಯೋದು ಸುಲಭ. ಉತ್ತರ ಹುಡುಕೋದ್ರಲ್ಲಿ ಬೆವರಿಳೀತು. ಮೊದಲನೇ ಪ್ರಶ್ನೆಯನ್ನೇ ತಗೊಳ್ಳಿ. ಮ್ಯಾಪಲ್ಲಿ ಐದನೇ ಪಾರ್ಕಿಂದ ನಮ್ಮ ಪಾರ್ಕಿಗೆ ಗೆರೆ ಎಳೆದ್ರೆ ನಾನೂರು ಮೀಟರ್ ಚಿಲ್ಲರೆ. ಹಾಗಾದ್ರೆ ಅವರಿಗೆ ಬೇರೆ ಪಾರ್ಕ್ ಇದೆ ಅಂತಾಯ್ತು. ಆದರೆ ಮಧ್ಯೆ ರಾಜಕಾಲುವೆ. ದಾಟೋಕೆ ಸೇತುವೆ ಇರೋದು ಮುಖ್ಯರಸ್ತೇಲಿ. ನಿಜವಾಗ್ಲೂ ನಡೆದು ನೋಡಿದೆ, ಇಪ್ಪತ್ತೆರಡು ನಿಮಿಷ ಆಯ್ತು. ಅದರಲ್ಲಿ ಒಂದು ಸಿಗ್ನಲ್ ಇಲ್ಲದ ಕ್ರಾಸಿಂಗ್. ಮಗುವನ್ನ ಒಂಟಿಯಾಗಿ ಯಾರೂ ಕಳಿಸಲ್ಲ. ಕಾಗೆಗೆ ಎಷ್ಟು ದೂರ ಅನ್ನೋದು ಬೇರೆ, ಕಾಲಿಗೆ ಎಷ್ಟು ದೂರ ಅನ್ನೋದು ಬೇರೆ.

ಮಕ್ಕಳ ಸಂಖ್ಯೆ ಕೇಳಿದ್ರೆ ಸಿಕ್ಕಿದ್ದು 2011ರ ಜನಗಣತಿ. ಆಗ ಅಲ್ಲಿ ಅರ್ಧ ಮನೆಗಳು ಇರಲೇ ಇಲ್ಲ. ಕೊನೆಗೆ ದಾರಿ ತೋರಿಸಿದ್ದು ಅಂಗನವಾಡಿ ಟೀಚರ್. ಅವರು ಮನೆ ಮನೆ ಸುತ್ತಿ ಸಣ್ಣ ಮಕ್ಕಳ ಲೆಕ್ಕ ಬರೆದಿಡ್ತಾರೆ. ಹೆಸರು, ವಿಳಾಸ ಯಾವುದನ್ನೂ ನಮಗೆ ಕೊಡಲಿಲ್ಲ, ಕೊಡಲೂಬಾರದು. ಯಾವ ಬೀದೀಲಿ ಮಕ್ಕಳು ಹೆಚ್ಚು, ಎಲ್ಲಿ ಕಮ್ಮಿ ಅಂತ ಬಾಯಲ್ಲಿ ಹೇಳಿದ್ರು. ಅಷ್ಟು ಸಾಕಾಯ್ತು. ನಮ್ಮ ಪಾರ್ಕಿನ ಸುತ್ತ ಮಕ್ಕಳಿಗಿಂತ ಮೊಣಕಾಲು ನೋವು ಹೆಚ್ಚು, ಅದು ನಮಗೇ ಗೊತ್ತಿತ್ತು.

ಜಾಗ ಕೈ ತಪ್ಪೋ ಅಪಾಯ ಅಂದೆನಲ್ಲ, ಅದಕ್ಕೊಂದು ಹಳೇ ಕಥೆ ಇದೆ. ಬೆಂಗಳೂರಿನದ್ದೇ. ರಾಜಮಹಲ್ ವಿಲಾಸ್ ಎಕ್ಸ್‌ಟೆನ್ಷನ್‌ನಲ್ಲಿ ಬಡಾವಣೆ ನಕ್ಷೇಲಿ ಪಾರ್ಕ್ ಅಂತ ಇಟ್ಟಿದ್ದ ಜಾಗವನ್ನ 1976ರಲ್ಲಿ ಸರ್ಕಾರದ ಆದೇಶದ ಮೇಲೆ ಒಂದು ಖಾಸಗಿ ಟ್ರಸ್ಟ್‌ಗೆ ನರ್ಸಿಂಗ್ ಹೋಮ್ ಕಟ್ಟೋಕೆ ಕೊಟ್ರು. ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದ್ರು. 1991ರಲ್ಲಿ ಸುಪ್ರೀಂ ಕೋರ್ಟ್ ನಿವಾಸಿಗಳ ಪರ ತೀರ್ಪು ಕೊಡ್ತು. ಬೆಂಗಳೂರು ಮೆಡಿಕಲ್ ಟ್ರಸ್ಟ್ ವರ್ಸಸ್ ಮುದ್ದಪ್ಪ ಅನ್ನೋ ಕೇಸು. ಪಾರ್ಕಿಗೆ ಅಂತ ಇಟ್ಟ ಜಾಗವನ್ನ ಮನಸ್ಸಿಗೆ ಬಂದ ಹಾಗೆ ಬದಲಾಯಿಸೋ ಹಾಗಿಲ್ಲ, ಅದನ್ನ ಪ್ರಶ್ನೆ ಮಾಡೋ ಹಕ್ಕು ಅಲ್ಲಿ ವಾಸ ಮಾಡೋ ಸಾಮಾನ್ಯ ಜನಕ್ಕೂ ಇದೆ ಅನ್ನೋದು ಅದರ ಸಾರ. ಇವತ್ತಿಗೂ ದೇಶದ ಬೇರೆ ಬೇರೆ ಕೋರ್ಟ್‌ಗಳಲ್ಲಿ ಪಾರ್ಕ್ ಉಳಿಸೋಕೆ ಈ ತೀರ್ಪನ್ನ ಹಿಡ್ಕೊಂಡು ವಾದ ಮಾಡ್ತಾರೆ. ರಾಜ್ಯದಲ್ಲಿ 1985ರಿಂದ ಪಾರ್ಕ್, ಆಟದ ಮೈದಾನ, ಬಯಲು ಜಾಗ ಕಾಪಾಡೋಕೆ ಅಂತಲೇ ಒಂದು ಕಾಯ್ದೆಯೂ ಇದೆ.

ಆದರೆ ಯೋಚನೆ ಮಾಡಿ. ಕೋರ್ಟಿಗೆ ಹೋಗೋ ಅಷ್ಟು ಸಮಯ, ಶಕ್ತಿ, ವಕೀಲರ ಪರಿಚಯ ಯಾರಿಗಿರುತ್ತೆ? ಕಾಲುವೆ ಆಚೆಯ ಆ ಬೀದೀಲಿ ಬಾಡಿಗೆಗೆ ಇರೋರಿಗಾ? ಪಾರ್ಕ್ ಪಾಳು ಬಿದ್ದಿದ್ರೆ ಮೊದಲು ಜಲ್ಲಿ ಬರುತ್ತೆ, ಆಮೇಲೆ ಪೈಪು, ಆಮೇಲೆ ಶೆಡ್ಡು, ಆಮೇಲೆ "ಇದು ಪಾರ್ಕಾ? ಯಾವಾಗ ಪಾರ್ಕಾಗಿತ್ತು?" ಏಳನೇ ಪಾರ್ಕಿನ ಅರ್ಧಕ್ಕೆ ಆಗಲೇ ಜಲ್ಲಿ ಬಂದಿತ್ತಲ್ಲ. ಚೆಂದದ ಪಾರ್ಕಿಗೆ ಐದು ವರ್ಷ ದುಡ್ಡು ತಡವಾದ್ರೆ ಅದು ಸ್ವಲ್ಪ ಮಾಸುತ್ತೆ. ಈ ಥರದ್ದಕ್ಕೆ ತಡವಾದ್ರೆ ಪಾರ್ಕೇ ಇರಲ್ಲ.

ಅಂಕ ಹಾಕಿದ್ವಿ. ಐದನೇದು ಮೊದಲು ಬಂತು, ಏಳನೇದು ಎರಡನೇ ಸ್ಥಾನ. ನಮ್ಮ ಪಾರ್ಕ್ ಐದನೇ ಸ್ಥಾನಕ್ಕೆ ಹೋಯ್ತು.

ಒಪ್ಕೋತೀನಿ, ಒಂದು ರಾತ್ರಿ ಎಕ್ಸೆಲ್ ಶೀಟ್ ತೆಗೆದು ಅಂಕಗಳನ್ನ ಸ್ವಲ್ಪ ಆಚೆ ಈಚೆ ಮಾಡಿ ನೋಡಿದೆ. ವಯಸ್ಸಾದವರಿಗೆ ಎರಡು ಅಂಕ ಜಾಸ್ತಿ ಕೊಟ್ರೆ? ಮೂರನೇ ಸ್ಥಾನಕ್ಕೆ ಬರುತ್ತೆ. ಮರಗಳ ಸಂಖ್ಯೆಗೆ ಅಂಕ ಕೊಟ್ರೆ? ಎರಡಕ್ಕೇ ಬರುತ್ತೆ! ಎಷ್ಟು ಸುಲಭ ಗೊತ್ತಾ? ಅದಕ್ಕೇ ನಿಯಮವನ್ನ ಮೊದಲೇ ಬರೆದು ಹತ್ತು ಜನಕ್ಕೆ ಕಳಿಸಿಬಿಡಬೇಕು. ಕಳಿಸಿದ್ವಿ, ಪುಣ್ಯಕ್ಕೆ. ಇಲ್ಲಾಂದ್ರೆ ಆ ರಾತ್ರಿ ನಾನು ಏನು ಮಾಡ್ತಿದ್ದೆನೋ.

ಮಾರನೇ ಭಾನುವಾರ ನಮ್ಮ ಪಾರ್ಕಲ್ಲಿ ವಿಷಯ ಹೇಳಿದೆ. ಬ್ಯಾಂಕಿಂದ ರಿಟೈರ್ ಆದ ಒಬ್ಬ ಅಂಕಲ್ ಇದ್ದಾರೆ, ನನ್ನ ಚಿಕ್ಕವಳಿದ್ದಾಗಿಂದ ನೋಡಿದವರು. "ಏನಮ್ಮಾ ನೀನು, ಟ್ಯಾಕ್ಸ್ ಕಟ್ಟೋರು ನಾವು, ಪಾರ್ಕ್ ಅವರಿಗಾ?" ಅಂದ್ರು. ಆ ಕಡೆಯವರೂ ಕಟ್ತಾರೆ ಅಂಕಲ್, ಬಿ ಖಾತಾ ಆದ್ರೂ ತೆರಿಗೆ ಕಟ್ತಾರೆ, ಬಾಡಿಗೆದಾರರು ಕಟ್ಟೋ ಬಾಡಿಗೇಲೂ ಅದೇ ಸೇರಿದೆ ಅಂದೆ. ಅವರು ಒಪ್ಪಲಿಲ್ಲ. ಒಂದು ತಿಂಗಳು ನನ್ನ ನೋಡಿದ್ರೆ ಇನ್ನೊಂದು ಸುತ್ತು ಹಾಕೋಕೆ ಹೋಗ್ತಿದ್ರು. ಅದನ್ನ ತಡ್ಕೋಬಹುದು.

ತಡ್ಕೊಳ್ಳೋಕೆ ಆಗದಿದ್ದು ಇನ್ನೊಂದು. ಲಿಸ್ಟ್ ಕೊಟ್ಟ ಮೂರನೇ ವಾರಕ್ಕೆ ನಮ್ಮ ಪಕ್ಕದ ರಸ್ತೆಯ ಒಬ್ಬ ಆಂಟಿ ಅದೇ ಎದ್ದಿರೋ ಟೈಲ್ಸ್ ಮೇಲೆ ಎಡವಿ ಬಿದ್ದು ಮಣಿಕಟ್ಟು ಮುರ್ಕೊಂಡ್ರು. ನೋಡೋಕೆ ಹೋದಾಗ ಅವರು ಏನೂ ಅನ್ನಲಿಲ್ಲ, ಕಾಫಿ ಮಾಡಿಸಿಕೊಟ್ರು. ಆ ಕಾಫಿ ಗಂಟಲಲ್ಲಿ ಇಳೀಲಿಲ್ಲ ನನಗೆ. ನಮ್ಮ ಪಾರ್ಕಿಗೂ ದುಡ್ಡು ಬೇಕಿತ್ತು, ಸುಳ್ಳಲ್ಲ.

ಅವತ್ತು ನಮ್ಮ ಲಿಸ್ಟಲ್ಲಿದ್ದ ತಪ್ಪು ಗೊತ್ತಾಯ್ತು. ಎದ್ದಿರೋ ನಲವತ್ತು ಟೈಲ್ಸ್ ಕೂರಿಸೋದು, ಹೊಸ ಪಾರ್ಕ್ ಮಾಡೋದು, ಎರಡನ್ನೂ ನಾವು ಒಂದೇ ಸಾಲಲ್ಲಿ ನಿಲ್ಲಿಸಿದ್ವಿ. ಜನ ಬೀಳೋ ಜಾಗ, ಮಗು ಶಾಕ್ ಹೊಡೆಸ್ಕೊಳ್ಳೋ ಜಾಗ ಸಾಲಲ್ಲಿ ಕಾಯಬಾರದು. ಅದು ನಿರ್ವಹಣೆ, ಆ ವಾರವೇ ಆಗಬೇಕು, ಯಾವ ಪಾರ್ಕಾದ್ರೂ ಸರಿ. ಸಾಲು ಇರಬೇಕಾದ್ದು ದೊಡ್ಡ ಕಾಮಗಾರಿಗೆ ಮಾತ್ರ. ಕಾಗದದಲ್ಲಿ ಇದು ಸಣ್ಣ ತಿದ್ದುಪಡಿ. ಆದರೆ ನಮ್ಮ ವ್ಯವಸ್ಥೇಲಿ ನಿರ್ವಹಣೆಗೆ ದುಡ್ಡು ಸಿಗೋದೇ ಕಷ್ಟ. ಕಮಾನು ಕಟ್ಟಿದ್ರೆ ಕಲ್ಲಲ್ಲಿ ಹೆಸರು ಕೆತ್ತಬಹುದು. ಟೈಲ್ಸ್ ಕೂರಿಸಿದ್ದಕ್ಕೆ, ಇನ್ನೊಬ್ಬ ಮಾಲಿ ಇಟ್ಟಿದ್ದಕ್ಕೆ ಉದ್ಘಾಟನೆ ಇಟ್ಕೊಳ್ಳೋಕಾಗಲ್ಲ.

ನೀರಿನ ವಿಷಯವೂ ಹಾಗೇ. 2024ರ ಬೇಸಿಗೆ ನೆನಪಿದೆಯಲ್ಲ? ಗಿಡಕ್ಕೆ ಕುಡಿಯೋ ನೀರು ಹಾಕಿದ್ರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತ್ತು. ಆ ವರ್ಷ ಶುದ್ಧೀಕರಿಸಿದ ನೀರು ತರಿಸ್ಕೊಂಡ ಪಾರ್ಕ್ ಹಸಿರಾಗಿ ಉಳೀತು, ಬೋರ್‌ವೆಲ್ ಒಂದನ್ನೇ ನಂಬಿದ್ದು ಒಣಗ್ತು. ಐದನೇ ಪಾರ್ಕಿನ ಬೋರ್‌ವೆಲ್ ಯಾವತ್ತೋ ಬತ್ತಿದೆ. ಅಲ್ಲಿ ಹುಲ್ಲು ಹಾಸಿ ಫೋಟೋ ತೆಗೆದ್ರೆ ಎರಡು ತಿಂಗಳಿಗೆ ಮತ್ತೆ ಕೆಂಪು ಮಣ್ಣು. ಹಾಗಾಗಿ ಆ ಬೀದಿಯ ಜನರನ್ನ ಕೂರಿಸಿ ಏನು ಬೇಕು ಅಂತ ಕೇಳಿದ್ವಿ. ಸಭೆ ಇಟ್ಟಿದ್ದು ಭಾನುವಾರ ಸಂಜೆ 7ಕ್ಕೆ, ಗಾರ್ಮೆಂಟ್‌ಗೆ ಹೋಗೋರಿಗೆ ಬಿಡುವಿರೋ ಹೊತ್ತಿಗೆ. ಹುಲ್ಲು ಬೇಕು ಅಂತ ಒಬ್ಬರೂ ಕೇಳಲಿಲ್ಲ. ಲೈಟು ಬೇಕು ಅಂದ್ರು. ಒಂದು ಟಾಯ್ಲೆಟ್. ಟ್ರಾನ್ಸ್‌ಫಾರ್ಮರ್ ಸುತ್ತ ಬೇಲಿ. ನೆರಳಲ್ಲಿ ಕೂತು ತರಕಾರಿ ಬಿಡಿಸ್ಕೊಳ್ಳೋಕೆ ಒಂದು ಕಟ್ಟೆ. ಡೆಲಿವರಿ ಮಾಡೋ ಒಬ್ಬ ಹುಡುಗ, "ಮಧ್ಯಾಹ್ನ ಊಟ ಮಾಡಿ ಅರ್ಧ ಗಂಟೆ ಕಾಲು ಚಾಚೋಕೆ ಬಿಟ್ರೆ ಸಾಕು ಮೇಡಂ, ಎಲ್ಲಾ ಕಡೆ ಓಡಿಸ್ತಾರೆ" ಅಂದ. ಮಕ್ಕಳು ಕೇಳಿದ್ದು, ಬೋರ್ಡ್ ಹಾಕಬೇಡಿ ಅಂತ. ಯಾವ ಬೋರ್ಡು ಅಂದೆ. "ಚೆಂಡಾಟ ನಿಷೇಧಿಸಿದೆ" ಅನ್ನೋ ಬೋರ್ಡು. ಆಚೆ ಪಾರ್ಕಲ್ಲಿ ನೋಡಿದ್ದಾರೆ. ಆಚೆ ಪಾರ್ಕ್ ಅಂದ್ರೆ ನಮ್ಮದು.

ಏನಾಯ್ತು ಅಂತ ಕೇಳ್ತೀರಾ? ಲಿಸ್ಟ್ ಪೂರ್ತಿ ಒಪ್ಕೊಳ್ಳಲಿಲ್ಲ. ಎರಡು ಪಾರ್ಕಿನ ದುಡ್ಡಲ್ಲಿ ಒಂದು ಐದನೇದಕ್ಕೆ ಹೋಯ್ತು. ಇನ್ನೊಂದು ಹೋಗಿದ್ದು ನಮ್ಮ ಲಿಸ್ಟಲ್ಲಿ ಆರನೇ ಸ್ಥಾನದಲ್ಲಿದ್ದ ಪಾರ್ಕಿಗೆ. ಯಾಕೆ ಅಂತ ಕೇಳಿದ್ವಿ, "ಮೇಲಿಂದ ಬಂತು" ಅಂದ್ರು. ಏಳನೇದರಲ್ಲಿ ಜಲ್ಲಿ ಹಾಗೇ ಇದೆ. ಆಂಟಿ ಬಿದ್ದ ಮೇಲೆ ನಮ್ಮ ಟೈಲ್ಸ್‌ನ ನಾವೇ ಬೀದಿಯವರು ದುಡ್ಡು ಹಾಕಿ ಕೂರಿಸಿಕೊಂಡ್ವಿ. ಮುನಿಸ್ಕೊಂಡಿದ್ದ ಅಂಕಲ್ ಎಲ್ಲರಿಗಿಂತ ಹೆಚ್ಚು ಕೊಟ್ರು.

ಐದನೇ ಪಾರ್ಕಲ್ಲಿ ಕೆಲಸ ಶುರುವಾದಾಗ ಕಂಟ್ರಾಕ್ಟರ್ ಮೊದಲು ಮಾಡಿದ್ದು ಬೇಲಿ ರಿಪೇರಿ. ಬಗ್ಗಿದ ಕಂಬಿಯನ್ನ ನೇರ ಮಾಡಿ ವೆಲ್ಡಿಂಗ್ ಮಾಡಿಸಿಬಿಟ್ರು. ಗೇಟಿಗೆ ಹೊಸ ಬೀಗ. ಮಾಲಿ ಅದೇ ಒಬ್ಬರೇ, ಪಾರ್ಕ್ ಅದೇ ಮೂರು. ಎರಡು ವಾರ ಆ ಮಕ್ಕಳು ರಸ್ತೇಲಿ ಆಡಿದ್ವು. ದುಡ್ಡು ಬಂದ ಮೇಲೆ ಪಾರ್ಕ್ ಪೂರ್ತಿ ಮುಚ್ಚಿಹೋಯ್ತು! ನಮ್ಮ ಲಿಸ್ಟಲ್ಲಿ ಬೀಗದ ಕೈ ಯಾರ ಹತ್ರ ಇರಬೇಕು ಅನ್ನೋ ಕಾಲಮ್ಮೇ ಇರಲಿಲ್ಲ.

ಆ ಹುಡುಗಿ ನನ್ನ ನೋಡಿದಾಗ ಕೇಳಿದ್ಲು, "ಅಕ್ಕಾ, ಕಂಬಿ ಯಾಕೆ ಸರಿ ಮಾಡಿಸಿದ್ರಿ?" ಅಂತ. ಮಾಲಿ ಹತ್ರ ಮಾತಾಡಿ, ಟ್ರಾನ್ಸ್‌ಫಾರ್ಮರ್ ಬೇಲಿ ಮುಗಿದ ದಿನದಿಂದ ಒಂದು ಕೀಲಿಯನ್ನ ಪಾರ್ಕ್ ಎದುರಿನ ಪೆಟ್ಟಿಗೆ ಅಂಗಡಿ ಅಮ್ಮನ ಹತ್ರ ಇಟ್ವಿ. ಬೆಳಗ್ಗೆ ಅಂಗಡಿ ತೆಗೆಯುವಾಗ ಗೇಟೂ ತೆಗೀತಾರೆ, ರಾತ್ರಿ ಮುಚ್ಚುವಾಗ ಗೇಟೂ ಮುಚ್ಚುತ್ತಾರೆ. ಇದಕ್ಕೆ ಲಿಖಿತ ಅನುಮತಿ ಏನೂ ಇಲ್ಲ, ಸದ್ಯಕ್ಕೆ ನಡೀತಿದೆ.

ನಿಮ್ಮ ಮನೆ ಹತ್ರದ ಪಾರ್ಕಿನ ಬೀಗದ ಕೈ ಯಾರ ಹತ್ರ ಇದೆ? ಕೇಳ್ಕೊಂಡು ಬಂದು ನಮಗೊಂದು ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಆ ಏಳನೇ ಪಾರ್ಕಿನ ಜಲ್ಲಿ ಯಾರದ್ದು ಅಂತ ಹುಡುಕಿಕೊಂಡು ಹೋದ ಕಥೆ ಹೇಳ್ತೀನಿ.